ದುಡ್ಡು ಕಟ್ಟಿ ಆಡುವ ಆ್ಯಪ್‌ಗಳು: ಕರ್ನಾಟಕದಲ್ಲಿ ಯಾವುದಕ್ಕೆ ಅವಕಾಶ, ಯಾವುದಕ್ಕೆ ಕೇಸು?

ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್, ಬೆಟ್ಟಿಂಗ್ ಸೈಟು, ಫ್ರೀಜ್ ಆದ ಬ್ಯಾಂಕ್ ಖಾತೆ, ಗೆದ್ದ ಹಣದ ತೆರಿಗೆ. ಇವುಗಳ ಬಗ್ಗೆ ಬಂದ ಪತ್ರಗಳಿಗೆ ಈ ಬಾರಿಯ ಕಾನೂನು ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚಾದ್ದರಿಂದ ಎಲ್ಲರದೂ ಊರಷ್ಟೇ ಇದೆ.

ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮ ಹೈಕೋರ್ಟ್ ಕೂಡ 2022ರಲ್ಲಿ ಆನ್‌ಲೈನ್ ಆಟದ ನಿಷೇಧವನ್ನು ರದ್ದು ಮಾಡಿತು. ಮತ್ತೆ ಈಗ ಹಣ ಕಟ್ಟಿ ಆಡುವಂತಿಲ್ಲ ಎಂದರೆ ಹೇಗೆ? — ತುಮಕೂರು

ಎರಡೂ ನಿಜ. ಆದರೆ 2025ರ ಕೇಂದ್ರ ಕಾಯ್ದೆಯ ಮುಂದೆ, ಆನ್‌ಲೈನ್ ಆಟದ ಮಟ್ಟಿಗೆ, ಆ ವಾದ ನಡೆಯುವುದಿಲ್ಲ.

ಕೌಶಲವೇ ಪ್ರಧಾನವಾದ ಆಟ ಜೂಜಲ್ಲ ಎಂಬ ಮಾತು 1957ರ ಚಮಾರ್‌ಬಾಗ್‌ವಾಲಾ ತೀರ್ಪಿನಷ್ಟು ಹಳೆಯದು. 1968ರ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾವ ಎಲೆ ಬಿತ್ತು ಎಂದು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಬೇಕು, ಹಾಗಾಗಿ ರಮ್ಮಿ ಮೂರೆಲೆ ಆಟದಂಥದ್ದಲ್ಲ ಎಂದಿತು. (ಅದೇ ತೀರ್ಪಿನಲ್ಲಿ, ಆಟದಿಂದ ಕ್ಲಬ್ಬಿನವರು ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು ಎಂಬ ಮಾತೂ ಇದೆ. ರಮ್ಮಿ ಆ್ಯಪ್‌ಗಳ ಜಾಹೀರಾತಿನಲ್ಲಿ ಅರ್ಧ ತೀರ್ಪಷ್ಟೇ ಕಾಣುತ್ತಿತ್ತು.)

ಕರ್ನಾಟಕ ಸರ್ಕಾರ 2021ರ ಅಕ್ಟೋಬರ್ 5ರಿಂದ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಇಟ್ಟು ಆಡುವ ಆನ್‌ಲೈನ್ ಆಟವನ್ನೆಲ್ಲ ಜೂಜಿನ ವ್ಯಾಪ್ತಿಗೆ ಸೇರಿಸಿತು. ಕೌಶಲದ ಆಟಕ್ಕೂ ಅದೃಷ್ಟದ ಆಟಕ್ಕೂ ವ್ಯತ್ಯಾಸವನ್ನೇ ಮಾಡದೆ ನಿಷೇಧಿಸುವುದು ಸಂವಿಧಾನಕ್ಕೆ ಒಪ್ಪುವಂಥದ್ದಲ್ಲ ಎಂದು ಹೈಕೋರ್ಟಿನ ವಿಭಾಗೀಯ ಪೀಠ 2022ರ ಫೆಬ್ರುವರಿ 14ರಂದು ಆ ಭಾಗಗಳನ್ನು ರದ್ದು ಮಾಡಿತು. ಗಮನಿಸಿ, ರದ್ದಾದದ್ದು ರಾಜ್ಯದ ತಿದ್ದುಪಡಿ. 1963ರ ಮೂಲ ಪೊಲೀಸ್ ಕಾಯ್ದೆ ಹಾಗೇ ಉಳಿಯಿತು.

ಆಮೇಲೆ ಬಂದದ್ದು ಸಂಸತ್ತಿನ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ, 2025. ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಮೂರೇ ದಿನ. ಈ ಕಾಯ್ದೆಯಲ್ಲಿ ‘ಆನ್‌ಲೈನ್ ಮನಿ ಗೇಮ್’ ಎಂದರೆ, ಕೌಶಲದ್ದಿರಲಿ, ಅದೃಷ್ಟದ್ದಿರಲಿ, ಎರಡೂ ಬೆರೆತದ್ದಿರಲಿ, ಶುಲ್ಕವನ್ನೋ ಠೇವಣಿಯನ್ನೋ ಬೇರೆ ಪಣವನ್ನೋ ಕಟ್ಟಿ, ಪ್ರತಿಯಾಗಿ ಹಣ ಅಥವಾ ಲಾಭ ಸಿಗುತ್ತದೆಂದು ಆಡುವ ಆಟ. ‘ಕೌಶಲ ಇದೆಯಾ?’ ಎಂಬ ಪ್ರಶ್ನೆಯನ್ನೇ ಕಾಯ್ದೆ ಎತ್ತಿ ಪಕ್ಕಕ್ಕಿಟ್ಟಿದೆ. ಈಗ ಕೇಳಬೇಕಾದ್ದು ಒಂದೇ: ದುಡ್ಡು ಬರುತ್ತದೆಂದು ದುಡ್ಡು ಹಾಕಿದಿರಾ? ಕಾಯಿನ್, ಟೋಕನ್, ಕ್ರೆಡಿಟ್ ಎಂದು ಹೆಸರು ಬದಲಿಸಿದರೂ, ಹಣಕ್ಕೆ ಪರಿವರ್ತನೆ ಆಗುವಂತಿದ್ದರೆ ಅದೂ ಪಣವೇ. ಹಾಗಾಗಿಯೇ ಡ್ರೀಮ್11, ಎಂಪಿಎಲ್‌ನಂಥ ದೊಡ್ಡ ಕಂಪನಿಗಳು ಅದೇ ಆಗಸ್ಟಿನಲ್ಲಿ ಹಣದ ಆಟಗಳನ್ನು ನಿಲ್ಲಿಸಿದ್ದು.

ಬೆಟ್ಟಿಂಗ್ ಮತ್ತು ಜೂಜು ಸಂವಿಧಾನದ ರಾಜ್ಯಪಟ್ಟಿಯ 34ನೇ ನಮೂದು, ಸಂಸತ್ತು ಇದರಲ್ಲಿ ಕೈ ಹಾಕಬಹುದೇ ಎಂಬುದು ಕಂಪನಿಗಳ ಮುಖ್ಯ ತಕರಾರು. ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟುಗಳಲ್ಲಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಅರ್ಜಿ ಹಾಕಿದ ಮಾತ್ರಕ್ಕೆ ಕಾಯ್ದೆ ನಿಲ್ಲುವುದಿಲ್ಲ, ತಡೆಯಾಜ್ಞೆ ಸಿಕ್ಕರೆ ಮಾತ್ರ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮ: ಅಂಕಿತ ಬಿದ್ದ ದಿನ ಬೇರೆ, ರಾಜ್ಯಪತ್ರದಲ್ಲಿ ಪ್ರಕಟಿಸಿ ಜಾರಿಗೆ ತಂದ ದಿನ ಬೇರೆ. ಜಾರಿ ದಿನಾಂಕಕ್ಕಿಂತ ಹಿಂದಿನ ಕೃತ್ಯಕ್ಕೆ ಈ ಕಾಯ್ದೆಯಡಿ ಶಿಕ್ಷೆ ಕೊಡಲಾಗದು. ಎಫ್‌ಐಆರ್ ಕೈಗೆ ಬಂದಾಗ ವಕೀಲರು ಮೊದಲು ನೋಡಬೇಕಾದ್ದು ಎರಡು ತಾರೀಖುಗಳನ್ನು: ಕೃತ್ಯ ನಡೆದದ್ದು ಯಾವಾಗ, ಕಾಯ್ದೆ ಜಾರಿಗೆ ಬಂದದ್ದು ಯಾವಾಗ.

ಆಡಿದವರನ್ನು ಜೈಲಿಗೆ ಹಾಕುತ್ತಾರಾ? — ದಾವಣಗೆರೆ, ಹಾವೇರಿ, ಕೋಲಾರ

ಕೇಂದ್ರ ಕಾಯ್ದೆಯಲ್ಲಿ ಬರೀ ಆಡಿದವರಿಗೆ ಶಿಕ್ಷೆ ಇಲ್ಲ. ಅವರನ್ನು ಬಲಿಪಶುಗಳೆಂದೇ ಕಾಣುತ್ತೇವೆ ಎಂದು ಕೇಂದ್ರ ಸರ್ಕಾರ ಮಸೂದೆ ತಂದಾಗಲೇ ಹೇಳಿತ್ತು. ಆಟ ಒದಗಿಸುವವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡೂ. ಹಣದ ವಹಿವಾಟಿಗೆ ಅನುವು ಮಾಡಿಕೊಡುವ ಬ್ಯಾಂಕು, ಪೇಮೆಂಟ್ ಸಂಸ್ಥೆಗಳಿಗೂ ಅಷ್ಟೇ. ಇವೆರಡೂ ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧಗಳು.

ಆದರೆ ರಾಜ್ಯದ 1963ರ ಕಾಯ್ದೆಯಲ್ಲಿ ಆಡಿದವರಿಗೆ ವಿನಾಯಿತಿ ಇಲ್ಲ. ಪತ್ರಿಕೆಯಲ್ಲಿ ಓದುವ ‘ಕಲಂ 87 ಕೆ.ಪಿ. ಆಕ್ಟ್’ ಎಂದರೆ ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ ಅಂದರ್-ಬಾಹರ್ ಆಡಿದ್ದು. 79 ಜೂಜು ಅಡ್ಡೆ ನಡೆಸುವವನಿಗೆ, 80 ಅಲ್ಲಿ ಸಿಕ್ಕಿಬಿದ್ದವನಿಗೆ. 78 ಮಟ್ಕಾ ಮತ್ತು ಕ್ರಿಕೆಟ್ ಬೆಟ್ಟಿಂಗಿಗೆ. ಟೀ ಅಂಗಡಿಯ ಮುಂದೆ ಫೋನ್ ಹಿಡಿದು ಬುಕ್ಕಿಗೆ ‘ಸೆಷನ್’ (ಇಷ್ಟು ಓವರಿಗೆ ಇಷ್ಟು ರನ್ ಎಂಬ ಬಾಜಿ) ಹೇಳುವವನು ತನ್ನದು ಆನ್‌ಲೈನ್ ಆಟ ಎಂದುಕೊಂಡಿರುತ್ತಾನೆ, ಬೀಳುವ ಕೇಸು ಮಾತ್ರ 78ರದ್ದು. ಮಟ್ಕಾದ 78(3) ಮತ್ತು 87ನ್ನು ಅಸಂಜ್ಞೇಯ ಅಪರಾಧಗಳಾಗಿ ನಡೆಸುವುದರಿಂದ ತನಿಖೆಗೆ ಮುಂಚೆ ಪೊಲೀಸರು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಅನುಮತಿ ಇಲ್ಲದ, ಅಥವಾ ಅರ್ಜಿಯ ಮೇಲೆ ಕಾರಣ ಬರೆಯದೆ ‘ಅನುಮತಿಸಲಾಗಿದೆ’ ಎಂದಷ್ಟೇ ಗೀಚಿದ ಪ್ರಕರಣಗಳನ್ನು ಹೈಕೋರ್ಟ್ ಮತ್ತೆ ಮತ್ತೆ ರದ್ದು ಮಾಡಿದೆ.

ನಮ್ಮ ಸೈಟಿಗೆ ಕುರಸಾವ್ ಲೈಸೆನ್ಸ್ ಇದೆ, ಭಾರತದ ಕಾನೂನು ನಮಗೆ ತಗಲುವುದಿಲ್ಲ ಎನ್ನುತ್ತಾರೆ. ವಿಪಿಎನ್ ಹಾಕಿದರೆ ತೆರೆಯುತ್ತದೆ. — ಬೆಂಗಳೂರು

ಕುರಸಾವ್ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಅಲ್ಲಿಯ ಪರವಾನಗಿ ಇಲ್ಲಿ ನಡೆಯುವುದಿಲ್ಲ. 2025ರ ಕಾಯ್ದೆಯು ಹೊರದೇಶದಿಂದ ನಡೆಸಿ ಭಾರತದೊಳಗೆ ಒದಗಿಸುವ ಹಣದ ಆಟಕ್ಕೂ ಅನ್ವಯ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಸೈಟನ್ನು ಬ್ಲಾಕ್ ಮಾಡುವ ಅಧಿಕಾರವೂ ಇದೆ. ವಿಪಿಎನ್ ಬಳಸುವುದೇ ಅಪರಾಧವಲ್ಲ, ಹಾಗೆಂದು ಅದರಿಂದ ತೆರೆದ ಸೈಟು ಸಕ್ರಮವೂ ಆಗುವುದಿಲ್ಲ.

ವಿದೇಶಕ್ಕೆ ಹಣ ಹೋದರೆ ಫೆಮಾ, ಅಂದರೆ ವಿದೇಶಿ ವಿನಿಮಯದ ಕಾಯ್ದೆ, ಎದುರಾಗುತ್ತದೆ. ಲಾಟರಿ ಟಿಕೆಟು, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಇತ್ಯಾದಿಗೆ ಹಣ ಕಳಿಸುವುದನ್ನು 2000ನೇ ಇಸವಿಯ ಚಾಲ್ತಿ ಖಾತೆ ನಿಯಮಗಳ ಮೊದಲ ಅನುಸೂಚಿಯೇ ನಿಷೇಧಿಸಿದೆ. ಉಲ್ಲಂಘಿಸಿದರೆ ಸಂಬಂಧಪಟ್ಟ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು.

ಹಾಗಾದರೆ ಈ ಸೈಟುಗಳು ಯುಪಿಐ ಹೇಗೆ ತೆಗೆದುಕೊಳ್ಳುತ್ತವೆ? ‘ಡೆಪಾಸಿಟ್’ ಒತ್ತಿದಾಗ ಬರುವ ಕ್ಯೂಆರ್ ಕೋಡನ್ನು ಒಮ್ಮೆ ಸರಿಯಾಗಿ ನೋಡಿ. ಹಣ ಹೋಗುವ ಹೆಸರು ಸೈಟಿನದ್ದಾಗಿರುವುದಿಲ್ಲ. ಯಾವುದೋ ಊರಿನ ಟ್ರೇಡರ್ಸ್, ಎಂಟರ್‌ಪ್ರೈಸಸ್ ಅಥವಾ ಬರೀ ಒಬ್ಬ ವ್ಯಕ್ತಿಯ ಹೆಸರು. ಅರ್ಧ ಗಂಟೆ ಬಿಟ್ಟು ಮತ್ತೆ ಒತ್ತಿದರೆ ಹೆಸರು ಬದಲಾಗಿರುತ್ತದೆ. ಅವೆಲ್ಲ ಬಾಡಿಗೆಗೆ ಪಡೆದ ಖಾತೆಗಳು. ಮುಂದಿನ ಎರಡು ಪತ್ರಗಳು ಇದೇ ಸರಪಳಿಯ ಎರಡು ಕೊಂಡಿಗಳಿಂದ ಬಂದಿವೆ.

ಪರಿಚಯದವರೊಬ್ಬರು ‘ಗೇಮಿಂಗ್ ಕಂಪನಿಗೆ ಖಾತೆ ಬೇಕು, ತಿಂಗಳಿಗೆ ಕಮಿಷನ್ ಕೊಡುತ್ತಾರೆ’ ಎಂದು ನನ್ನ ಪಾಸ್‌ಬುಕ್, ಎಟಿಎಂ ಕಾರ್ಡು, ಹೊಸ ಸಿಮ್ ತೆಗೆದುಕೊಂಡು ಹೋಗಿದ್ದಾರೆ. ನಾನು ಆಟವನ್ನೇ ಆಡಿಲ್ಲ. ತೊಂದರೆ ಇದೆಯೇ? — ಬಳ್ಳಾರಿ

ಈ ಸಂಚಿಕೆಯ ಪತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುವವರು ನೀವು. ಲಕ್ಷ ಕಳೆದುಕೊಂಡ ಆಟಗಾರನಿಗಿಂತಲೂ.

ಇಂಥ ಖಾತೆಗೆ ಪೊಲೀಸರು, ಬ್ಯಾಂಕಿನವರು ‘ಮ್ಯೂಲ್ ಖಾತೆ’ ಎನ್ನುತ್ತಾರೆ. ನಿಮ್ಮ ಖಾತೆಗೆ ಬೆಟ್ಟಿಂಗ್ ಹಣ ಮಾತ್ರ ಬರುತ್ತದೆ ಎಂದು ತಿಳಿಯಬೇಡಿ. ಡಿಜಿಟಲ್ ಅರೆಸ್ಟ್, ನಕಲಿ ಷೇರು ಹೂಡಿಕೆ, ಸಾಲದ ಆ್ಯಪ್ ಮೋಸದ ಹಣವೂ ಅದೇ ಖಾತೆಗಳ ಮೂಲಕ ಹಾಯುತ್ತದೆ. ಮೋಸ ಹೋದವರು ದೂರು ಕೊಟ್ಟಾಗ ದಾಖಲೆಯಲ್ಲಿ ಕಾಣುವ ಮೊದಲ ಹೆಸರು, ವಿಳಾಸ, ಫೋಟೊ ನಿಮ್ಮದು. ಖಾತೆ ಪಡೆದವನ ಹೆಸರು ಎಲ್ಲೂ ಇರುವುದಿಲ್ಲ.

ಆಗ ಬೀಳುವುದು ಜೂಜಿನ ಸಣ್ಣ ಕೇಸಲ್ಲ. ಭಾರತೀಯ ನ್ಯಾಯ ಸಂಹಿತೆಯ 318(4)ರ ವಂಚನೆಗೆ 7 ವರ್ಷದವರೆಗೆ ಶಿಕ್ಷೆ, ಐಟಿ ಕಾಯ್ದೆಯ 66ಡಿಗೆ 3 ವರ್ಷದವರೆಗೆ. ಗುಂಪಾಗಿ ಅನಧಿಕೃತ ಬೆಟ್ಟಿಂಗ್ ನಡೆಸುವುದನ್ನು ಸಂಹಿತೆಯ 112ನೇ ಸೆಕ್ಷನ್ ‘ಸಣ್ಣ ಸಂಘಟಿತ ಅಪರಾಧ’ದಲ್ಲಿ ಸೇರಿಸಿದೆ: ಕನಿಷ್ಠ 1 ವರ್ಷ, ಗರಿಷ್ಠ 7 ವರ್ಷ. ಮೊತ್ತ ದೊಡ್ಡದಾದರೆ ಇ.ಡಿ. ಕೂಡ ಬರುತ್ತದೆ. ‘ನನಗೆ ಗೊತ್ತಿರಲಿಲ್ಲ’ ಎನ್ನುವುದಕ್ಕೆ ನಿಮಗೆ ಬಂದ ಕಮಿಷನ್ನೇ ಅಡ್ಡ ಬರುತ್ತದೆ.

ಇವತ್ತೇ ಮಾಡಬೇಕಾದ್ದು: ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಕರೆ ಮಾಡಿ ಕಾರ್ಡು, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸಿ. ಕಾರ್ಡು ಮಾತ್ರ ಬ್ಲಾಕ್ ಮಾಡಿ ಸುಮ್ಮನಾದರೆ ಸಿಮ್ ಅವರ ಕೈಯಲ್ಲಿರುವುದರಿಂದ ಹಣ ಓಡಾಡುತ್ತಲೇ ಇರುತ್ತದೆ. ಆಧಾರ್ ಹಿಡಿದು ಸಿಮ್ ಕಂಪನಿಯ ಅಂಗಡಿಗೆ ಹೋಗಿ ಆ ನಂಬರನ್ನೂ ನಿಲ್ಲಿಸಿ. ಶಾಖೆಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಖಾತೆ ತೆರೆದಂದಿನಿಂದ ಸ್ಟೇಟ್‌ಮೆಂಟ್ ತೆಗೆಸಿ. ಅದರಲ್ಲಿ ಉಳಿದಿರುವ ಹಣವನ್ನು ಮುಟ್ಟಬೇಡಿ, ಕಮಿಷನ್ ಎಂದು ತೆಗೆದುಕೊಳ್ಳಬೇಡಿ, ‘ವಾಪಸ್ ಕಳಿಸು’ ಎಂದು ಅವರು ಹೇಳಿದ ಖಾತೆಗೂ ಹಾಕಬೇಡಿ. ಆಮೇಲೆ ವಕೀಲರ ಜೊತೆ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಠಾಣೆಗೆ ಹೋಗಿ, ಖಾತೆ ಪಡೆದವನ ವಾಟ್ಸ್‌ಆ್ಯಪ್ ಸಂದೇಶಗಳ ಸಮೇತ ನೀವೇ ದೂರು ಕೊಡಿ. ಸಂದೇಶ ಡಿಲೀಟ್ ಮಾಡುವುದು ಜಾಣತನವಲ್ಲ, ಈಗ ನಿಮ್ಮ ಪರ ಇರುವ ಸಾಕ್ಷಿ ಅದೊಂದೇ.

ಬೆಟ್ಟಿಂಗ್ ಸೈಟಿನಿಂದ 3,200 ರೂಪಾಯಿ ವಿತ್‌ಡ್ರಾ ಮಾಡಿದ್ದೆ. ಹತ್ತು ದಿನದ ಮೇಲೆ ನನ್ನ ಸಂಬಳದ ಖಾತೆಯೇ ಫ್ರೀಜ್ ಆಗಿದೆ. ಬ್ಯಾಂಕಿನವರು ‘ಬೇರೆ ರಾಜ್ಯದ ಸೈಬರ್ ಪೊಲೀಸರು’ ಎನ್ನುತ್ತಾರೆ, ಅಷ್ಟೇ. — ಉಡುಪಿ

ಹಿಂದಿನ ಉತ್ತರದ ಇನ್ನೊಂದು ತುದಿ ಇದು. ಸೈಟು ನಿಮಗೆ ‘ಗೆಲುವು’ ಎಂದು ಕೊಟ್ಟ 3,200 ಸೈಟಿನ ಹಣವಲ್ಲ. ಬೇರೊಬ್ಬರಿಂದ ಬಂದ ಹಣವನ್ನೇ ನೇರವಾಗಿ ನಿಮ್ಮತ್ತ ತಿರುಗಿಸಿದ್ದಾರೆ. ಆ ಬೇರೊಬ್ಬರು ಮೋಸ ಹೋಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದಾರೆ. ಹಣ ಮೊದಲು ಬಿದ್ದ ಖಾತೆ ಒಂದನೇ ಲೇಯರ್, ಅಲ್ಲಿಂದ ಹೋದದ್ದು ಎರಡನೇ ಲೇಯರ್. ನೀವು ಎರಡರಲ್ಲೋ ಮೂರರಲ್ಲೋ ಇದ್ದೀರಿ.

ಬ್ಯಾಂಕಿಗೆ ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ. ಇಮೇಲ್ ಕಳಿಸಿ ನಾಲ್ಕು ವಿವರ ಬರೆಸಿಕೊಳ್ಳಿ: ರಾಷ್ಟ್ರೀಯ ಸೈಬರ್ ಪೋರ್ಟಲಿನ ದೂರಿನ ಸ್ವೀಕೃತಿ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ವಿವಾದದಲ್ಲಿರುವ ವ್ಯವಹಾರದ ಯುಟಿಆರ್ (ಪಾವತಿಯ ಗುರುತು ಸಂಖ್ಯೆ) ಮತ್ತು ಮೊತ್ತ, ತಡೆ ಇಡೀ ಖಾತೆಯ ಮೇಲೋ ಆ ಮೊತ್ತದ ಮೇಲೋ. ಕೊನೆಯದು ಮುಖ್ಯ. ವಿವಾದ ಇರುವುದು 3,200ಕ್ಕೆ. ಅಷ್ಟಕ್ಕೆ ಮಾತ್ರ ಲಿಯನ್ (ತಡೆ) ಹಾಕಿ ಉಳಿದದ್ದನ್ನು ಬಿಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಹಲವು ಹೈಕೋರ್ಟುಗಳು ಇದೇ ರೀತಿ ಆದೇಶಿಸಿವೆ.

ತನಿಖಾಧಿಕಾರಿಗೆ ಇಮೇಲ್‌ನಲ್ಲಿ ಆರು ತಿಂಗಳ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಗುರುತಿನ ಚೀಟಿ, ಸೈಟಿನ ವಿತ್‌ಡ್ರಾ ಪುಟದ ಸ್ಕ್ರೀನ್‌ಶಾಟ್ ಕಳಿಸಿ. ‘ಗೆಳೆಯ ಕೊಟ್ಟ ಸಾಲ’ ಎಂದು ಕಥೆ ಕಟ್ಟಬೇಡಿ. ಆ ಗೆಳೆಯನನ್ನು ಕರೆತನ್ನಿ ಎಂದರೆ ಅಲ್ಲಿಗೆ ಮುಗಿಯಿತು, ಆಡಿದ ಕಾರಣಕ್ಕೆ ಇರದಿದ್ದ ಕೇಸು ಸುಳ್ಳು ಹೇಳಿದ ಕಾರಣಕ್ಕೆ ಹುಟ್ಟುತ್ತದೆ. ಪೊಲೀಸರು ಖಾತೆ ತಡೆಯುವುದು ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ನಿನಡಿ. ಉತ್ತರ ಬರದಿದ್ದರೆ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ 503ನೇ ಸೆಕ್ಷನ್ನಿನಡಿ ಅರ್ಜಿ, ಇಲ್ಲವೇ ಹೈಕೋರ್ಟಿನಲ್ಲಿ ರಿಟ್. ‘ಇಷ್ಟು ಕೊಟ್ಟರೆ ಫ್ರೀಜ್ ತೆಗೆಸುತ್ತೇವೆ’ ಎಂದು ಟೆಲಿಗ್ರಾಮಿನಲ್ಲಿ ಕಾಯುತ್ತಿರುವವರಲ್ಲಿ ಅನೇಕರು ಇನ್ನೊಂದು ಸುತ್ತಿನ ಮೋಸಗಾರರು.

ನನ್ನ ಇನ್‌ಸ್ಟಾಗ್ರಾಮ್ ಪೇಜಿಗೆ 80 ಸಾವಿರ ಫಾಲೋವರ್ಸ್ ಇದ್ದಾರೆ. ಕಲರ್ ಪ್ರಿಡಿಕ್ಷನ್ (ಬರುವ ಬಣ್ಣ ಊಹಿಸಿ ಹಣ ಕಟ್ಟುವ) ಆ್ಯಪ್ ಒಂದರವರು ಸ್ಟೋರಿ ಹಾಕಲು ಹಣ ಕೊಡುತ್ತಾರಂತೆ. ‘ಅಪಾಯ ಇರಬಹುದು’ ಎಂಬ ಎಚ್ಚರಿಕೆ ಬರೆದರೆ ಸಾಕೇ? — ಕಲಬುರಗಿ

ಸಾಲದು. 2025ರ ಕೇಂದ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಹಣದ ಆಟದ ಜಾಹೀರಾತನ್ನು ಮಾಡುವುದು, ಮಾಡಿಸುವುದು, ಅದಕ್ಕೆ ನೆರವಾಗುವುದು ಎಲ್ಲವೂ ಅಪರಾಧ, ಯಾವ ಮಾಧ್ಯಮವಾದರೂ, ನೇರವಾಗಲಿ ಪರೋಕ್ಷವಾಗಲಿ. 2 ವರ್ಷದವರೆಗೆ ಜೈಲು ಅಥವಾ 50 ಲಕ್ಷದವರೆಗೆ ದಂಡ ಅಥವಾ ಎರಡೂ. ಎರಡನೇ ಸಲ ಸಿಕ್ಕರೆ ಜೈಲು 2 ವರ್ಷಕ್ಕೆ ಕಡಿಮೆ ಇಲ್ಲ, ದಂಡ 50 ಲಕ್ಷಕ್ಕೆ ಕಡಿಮೆ ಇಲ್ಲ. ಬಯೋದಲ್ಲಿ ರೆಫರಲ್ ಲಿಂಕ್ ಇಡುವುದು, ‘ನಿನ್ನೆ ಗೆದ್ದದ್ದು’ ಎಂದು ಸ್ಕ್ರೀನ್‌ಶಾಟ್ ಹಾಕುವುದು, ಟೆಲಿಗ್ರಾಮ್ ಟಿಪ್ಸ್ ಚಾನೆಲಿಗೆ ಕಳಿಸುವುದು ಕೂಡ ಇದರಲ್ಲೇ ಬರುತ್ತದೆ. ಹಾಕಿದ್ದರೆ ಇಳಿಸಿ, ಆದರೆ ಒಪ್ಪಂದದ ಚಾಟ್, ಹಣ ಬಂದ ದಾಖಲೆ ಇಟ್ಟುಕೊಳ್ಳಿ. ನೋಟಿಸ್ ಬಂದಾಗ ಯಾರು ಹಾಕಿಸಿದರು ಎಂದು ತೋರಿಸಬೇಕಾಗುತ್ತದೆ.

ಹಿಂದಿನ ವರ್ಷಗಳಲ್ಲಿ ಫ್ಯಾಂಟಸಿ ಆ್ಯಪ್‌ನಿಂದ ಗೆದ್ದ ಹಣಕ್ಕೆ ಟಿಡಿಎಸ್ ಕಡಿತವಾಗಿದೆ. ಒಟ್ಟಾರೆ ನಾನು ಸೋತವನೇ. ರಿಟರ್ನ್ ಹಾಕಿ ವಾಪಸ್ ಪಡೆಯಬಹುದೇ? — ಮೈಸೂರು

ಹೆಚ್ಚಿನ ಸಂದರ್ಭದಲ್ಲಿ ಇಲ್ಲ. 2023-24ರ ಹಣಕಾಸು ವರ್ಷದಿಂದ ಆನ್‌ಲೈನ್ ಆಟದ ‘ನಿವ್ವಳ ಗೆಲುವಿಗೆ’ 30% ತೆರಿಗೆ, ಮೇಲೆ 4% ಸೆಸ್. ಲೆಕ್ಕ ಹೀಗೆ: ವರ್ಷದಲ್ಲಿ ನೀವು 60,000 ಹಾಕಿದ್ದೀರಿ, 85,000 ತೆಗೆದಿದ್ದೀರಿ, ಮಾರ್ಚ್ 31ಕ್ಕೆ ವ್ಯಾಲೆಟ್‌ನಲ್ಲಿ 5,000 ಉಳಿದಿದೆ, ವರ್ಷದ ಆರಂಭದಲ್ಲಿ ಸೊನ್ನೆ ಇತ್ತು. 85,000ಕ್ಕೆ 5,000 ಕೂಡಿಸಿ 60,000 ಕಳೆದರೆ ನಿವ್ವಳ 30,000. ಟಿಡಿಎಸ್ 9,000, ಸೆಸ್ ಸೇರಿ ಒಟ್ಟು ತೆರಿಗೆ 9,360.

ಈ ಲೆಕ್ಕ ಒಂದೊಂದು ಕಂಪನಿಗೆ ಪ್ರತ್ಯೇಕ. ಒಂದರಲ್ಲಿ 30,000 ಗೆದ್ದು ಇನ್ನೊಂದರಲ್ಲಿ 50,000 ಸೋತರೆ, ಗೆದ್ದ ಕಡೆ ಟಿಡಿಎಸ್ ಕಡಿತ ಆಗಿಯೇ ಆಗುತ್ತದೆ. ಸೋತದ್ದನ್ನು ಸಂಬಳದಿಂದಲೋ ವ್ಯಾಪಾರದಿಂದಲೋ ಕಳೆಯಲಾಗದು, ಮುಂದಿನ ವರ್ಷಕ್ಕೆ ಒಯ್ಯಲೂ ಆಗದು. ಆದಾಯ ಮೂಲ ವಿನಾಯಿತಿ ಮಿತಿಯೊಳಗಿದ್ದರೂ ಈ 30% ತಪ್ಪುವುದಿಲ್ಲ. ‘ಆಟ ಅಕ್ರಮವಾದ್ದರಿಂದ ತೆರಿಗೆ ಇಲ್ಲ’ ಎಂಬುದೂ ತಪ್ಪು, ಅಕ್ರಮ ಆದಾಯಕ್ಕೂ ತೆರಿಗೆ ಉಂಟು.

ಆಗುವ ಎಡವಟ್ಟು ಒಂದಿದೆ. ಸಂಬಳದವರು ಅಭ್ಯಾಸಬಲದಿಂದ ಐಟಿಆರ್-1 ಹಾಕುತ್ತಾರೆ. ಈ ಬಗೆಯ ಆದಾಯ ಇದ್ದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಆದಾಯ ತೆರಿಗೆ ಪೋರ್ಟಲಿನಲ್ಲಿ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) ತೆರೆದು ಕಂಪನಿ ತೋರಿಸಿದ ಮೊತ್ತ ನೋಡಿಕೊಂಡೇ ತುಂಬಿ, ಎರಡೂ ತಾಳೆಯಾಗದಿದ್ದರೆ ನೋಟಿಸ್ ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆಯಾದ್ದರಿಂದ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಹಳೆಯ 115ಬಿಬಿಜೆ (ಈ 30% ತೆರಿಗೆ), 194ಬಿಎ (ಟಿಡಿಎಸ್) ಹಿಂದಿನ ವರ್ಷಗಳ ಕಾಗದದಲ್ಲಿ ಮಾತ್ರ.

ಬುಕ್ಕಿ ನನಗೆ 1.4 ಲಕ್ಷ ಕೊಡಬೇಕು, ಕೊಡುತ್ತಿಲ್ಲ. ಇತ್ತ ಆಡಲೆಂದು ಪಡೆದ ಮೀಟರ್ ಬಡ್ಡಿ ಸಾಲಕ್ಕೆ ಮನೆ ಬಾಗಿಲಿಗೆ ಬರುತ್ತಿದ್ದಾರೆ. — ಮಂಡ್ಯ

ಬುಕ್ಕಿಯ ಹಣ ಕೋರ್ಟಿನ ಮೂಲಕ ಬರುವಂತಿಲ್ಲ. ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರು ಶೂನ್ಯ, ಗೆದ್ದ ಹಣಕ್ಕೆ ದಾವೆ ಹೂಡುವಂತಿಲ್ಲ. ಚೆಕ್ ಕೊಟ್ಟು ಅದು ಬೌನ್ಸ್ ಆದರೂ, ಮೂಲ ವ್ಯವಹಾರ ಬಾಜಿಯದ್ದೆಂದು ಸಾಬೀತಾದರೆ ‘ಕಾನೂನುಬದ್ಧ ಸಾಲವಲ್ಲ’ ಎಂಬ ವಾದ ಎದುರಾಗುತ್ತದೆ. ಇದೇ ನಿಯಮ ನಿಮ್ಮ ಪರವೂ ಕೆಲಸ ಮಾಡುತ್ತದೆ: ನೀವು ಬುಕ್ಕಿಗೆ ಸೋತದ್ದನ್ನು ಅವನೂ ಕೋರ್ಟಿನಲ್ಲಿ ಕೇಳಲಾಗದು.

ಸಾಲದ ವಿಷಯ ಬೇರೆ. ಬೇರೊಬ್ಬರಿಂದ ಪಡೆದ ಸಾಲ ಬಾಜಿಗೆ ಖರ್ಚಾಯಿತು ಎಂದ ಮಾತ್ರಕ್ಕೆ ತಾನಾಗಿ ರದ್ದಾಗುವುದಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ಲೇವಾದೇವಿ ಮಾಡುವಂತಿಲ್ಲ, ಮೀಟರ್ ಬಡ್ಡಿಯ ವಿರುದ್ಧ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆ ಇದೆ, ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ಬಂದ ಕಾನೂನೂ ಇದೆ. ಬೆದರಿಕೆಯ ಕರೆಗಳನ್ನು ರೆಕಾರ್ಡ್ ಮಾಡಿ ಠಾಣೆಗೆ ಲಿಖಿತ ದೂರು ಕೊಡಿ. ಸಹಿ ಹಾಕಿದ ಖಾಲಿ ಚೆಕ್, ಖಾಲಿ ಬಾಂಡ್ ಅವರ ಬಳಿ ಇದ್ದರೆ ಅವುಗಳ ಸಂಖ್ಯೆ ಆ ದೂರಿನಲ್ಲೇ ಇರಲಿ.

ವಾಟ್ಸ್‌ಆ್ಯಪ್‌ನಲ್ಲಿ ಕೇರಳ ಲಾಟರಿ ಟಿಕೆಟ್ ಕಳಿಸುತ್ತಾರೆ. ಸರ್ಕಾರದ್ದೇ ಅಲ್ಲವೇ? — ಮಡಿಕೇರಿ, ಪುತ್ತೂರು

ಕೇರಳ ಲಾಟರಿ ಸರ್ಕಾರದ್ದು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಅಲ್ಲ. ಅದು ಕಾಗದದ ಟಿಕೆಟು, ಕೇರಳದೊಳಗೆ ಏಜೆಂಟರ ಕೈಯಿಂದ ಮಾರಾಟ. ಆನ್‌ಲೈನ್ ಮಾರಾಟ ಇಲ್ಲ. ಬಹುಮಾನ ಬೇಕಾದರೆ ಮೂಲ ಟಿಕೆಟನ್ನೇ 30 ದಿನದೊಳಗೆ ಒಪ್ಪಿಸಬೇಕು, ಫೋಟೊಗೆ ಬೆಲೆ ಇಲ್ಲ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟ ನಿಷಿದ್ಧ. ‘ಬಹುಮಾನ ಬಂದಿದೆ, ಜಿಎಸ್‌ಟಿ ಮೊದಲು ಕಟ್ಟಿ’ ಎಂದರೆ ಅದು ಮೋಸವೇ. ನಿಜವಾದ ಬಹುಮಾನದಲ್ಲಿ ತೆರಿಗೆಯನ್ನು ಹಿಡಿದುಕೊಂಡೇ ಹಣ ಕೊಡುತ್ತಾರೆ, ಮುಂಗಡ ಕೇಳುವುದಿಲ್ಲ.

ಹಾಗಾದರೆ ಹಣ ಕಟ್ಟಿ ಆಡಲು ಸಕ್ರಮ ದಾರಿ ಏನೂ ಇಲ್ಲವೇ? — ಹುಬ್ಬಳ್ಳಿ

ಇವೆ, ಆದರೆ ಆನ್‌ಲೈನ್ ಅಲ್ಲ. ಕುದುರೆ ರೇಸು ಕೌಶಲದ ಆಟ ಎಂದು 1996ರ ಲಕ್ಷ್ಮಣನ್ ತೀರ್ಪು ಹೇಳಿದೆ. ಕರ್ನಾಟಕದಲ್ಲಿ ಲೈಸೆನ್ಸ್ ಪಡೆದ ರೇಸ್‌ಕೋರ್ಸಿನ ಆವರಣದಲ್ಲಿ, ಟೋಟ್‌ನಲ್ಲಿ (ರೇಸ್ ಕ್ಲಬ್ಬಿನ ಬಾಜಿ ಕೌಂಟರ್) ಅಥವಾ ಲೈಸೆನ್ಸ್ ಇರುವ ಬುಕ್ಕಿಯ ಬಳಿ ಬಾಜಿ ಕಟ್ಟಬಹುದು. ಹೊರಗೆ ಬುಕ್ಕಿಗೆ ಫೋನ್ ಮಾಡಿ ಅದೇ ಕುದುರೆಗೆ ಕಟ್ಟಿದರೆ ಈ ರಕ್ಷಣೆ ಸಿಗದು. 10,000 ಮೀರಿದ ಗೆಲುವಿಗೆ 30% ಟಿಡಿಎಸ್. ಗೋವಾದ ಕ್ಯಾಸಿನೊಗಳಿಗೆ ಅಲ್ಲಿಯ 1976ರ ಕಾಯ್ದೆಯ 13ಎ ಅವಕಾಶ ಕೊಟ್ಟಿದೆ, ನೀವು ಅಲ್ಲಿಗೇ ಹೋಗಿ ಆಡಬೇಕು. ‘ಗೋವಾ ಕ್ಯಾಸಿನೊ ಈಗ ಮೊಬೈಲಿನಲ್ಲಿ’ ಎಂಬ ಜಾಹೀರಾತಿಗೆ ಆ ಲೈಸೆನ್ಸ್ ರಕ್ಷಣೆ ಇಲ್ಲ.

ಯುಗಾದಿಗೆ ಮನೆಯಲ್ಲಿ ನೆಂಟರೆಲ್ಲ ಸೇರಿ ಇಸ್ಪೀಟು ಆಡುತ್ತೇವೆ. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಐಪಿಎಲ್‌ಗೆ ತಲಾ 100 ರೂಪಾಯಿ ಹಾಕುತ್ತೇವೆ. — ಮದ್ದೂರು

ಮನೆ ‘ಜೂಜು ಅಡ್ಡೆ’ ಆಗಬೇಕಾದರೆ ಅದನ್ನು ನಡೆಸುವವನಿಗೆ ಆಟದಿಂದ ಲಾಭ ಬರುತ್ತಿರಬೇಕು. ಪ್ರತಿ ಆಟಕ್ಕೂ ಇಷ್ಟು ಎಂದು ಮನೆಯವರು ಕಟ್ ತೆಗೆಯತೊಡಗಿದರೆ, ಅಥವಾ ಆಟ ಜಗಲಿಯಿಂದ ಅರಳಿಕಟ್ಟೆಗೆ ಇಳಿದರೆ, ಸೆಕ್ಷನ್ ಬದಲಾಗುತ್ತದೆ. ಆಫೀಸಿನ ಗುಂಪಿನ ಪಣ ಕೇಂದ್ರ ಕಾಯ್ದೆಯ ‘ಆನ್‌ಲೈನ್ ಗೇಮ್’ ವ್ಯಾಖ್ಯೆಗೆ ಸುಲಭವಾಗಿ ಹೊಂದದು, ಏಕೆಂದರೆ ಅಲ್ಲಿ ಸಾಫ್ಟ್‌ವೇರ್ ನಡೆಸುವ ಆಟವೇ ಇಲ್ಲ. ಆದರೆ ಮ್ಯಾಚಿನ ಫಲಿತಾಂಶದ ಮೇಲೆ ಬೆಟ್ಟಿಂಗ್ ಎಂಬ ಕಾರಣಕ್ಕೆ ಪೊಲೀಸ್ ಕಾಯ್ದೆಯ ಹೊರಗೂ ಇಲ್ಲ. ಹಣ ಸಂಗ್ರಹಿಸುವ ಅಡ್ಮಿನ್ ಕಮಿಷನ್ ಹಿಡಿದರಂತೂ ಅವನು ಬುಕ್ಕಿಯೇ.

ಪಿಯುಸಿ ಓದುವ ಮಗ ನನ್ನ ಫೋನಿನಿಂದ ಎರಡು ತಿಂಗಳಲ್ಲಿ 68,000 ಕಳೆದಿದ್ದಾನೆ. ಹಣ ವಾಪಸ್ ಬರುತ್ತದೆಯೇ? — ಹಾಸನ

ಎಷ್ಟು ಬೇಗ ದೂರು ಕೊಟ್ಟಿರಿ ಎಂಬುದರ ಮೇಲೆ ನಿಂತಿದೆ. 1930ಕ್ಕೆ ಕರೆ ಮಾಡಿದಾಗ ಅವರು ಮಾಡುವುದು, ಹಣ ಹೋದ ಖಾತೆಯಲ್ಲಿ ಇನ್ನೂ ಉಳಿದಿರುವುದನ್ನು ತಡೆಹಿಡಿಯುವುದು. ಮ್ಯೂಲ್ ಖಾತೆಯಿಂದ ಹಣ ನಿಮಿಷಗಳಲ್ಲಿ ಮುಂದೆ ಹೋಗುತ್ತದೆ, ಹಾಗಾಗಿ ಎರಡು ತಿಂಗಳ ಹಿಂದಿನದ್ದು ಸಿಗುವ ಸಾಧ್ಯತೆ ಕಡಿಮೆ, ನಿನ್ನೆ ಮೊನ್ನೆಯದ್ದಕ್ಕೆ ಪ್ರಯತ್ನಿಸಬಹುದು. ಕರೆ ಮಾಡುವ ಮುನ್ನ ಪ್ರತಿ ಪಾವತಿಯ 12 ಅಂಕಿಯ ಯುಟಿಆರ್, ದಿನಾಂಕ, ಸಮಯ, ಹಣ ಪಡೆದ ಯುಪಿಐ ಐಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಸೈಬರ್‌ಕ್ರೈಮ್ ಪೋರ್ಟಲಿನಲ್ಲಿ ದೂರು ತುಂಬಿ. ಆ್ಯಪನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಎಪಿಕೆ ಫೈಲ್ (ಆ್ಯಪ್ ಹಾಕಿಕೊಳ್ಳಲು ಬಂದ ಫೈಲು), ಲಾಗಿನ್ ಐಡಿ, ವ್ಯಾಲೆಟ್ ಪುಟ, ಆ್ಯಪ್ ಕಳಿಸಿದವರ ನಂಬರು ಮೊದಲು ಉಳಿಸಿಕೊಳ್ಳಿ.

ಹುಡುಗ ನಿಲ್ಲಿಸಲಾಗದ ಸ್ಥಿತಿಯಲ್ಲಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥದ್ದಕ್ಕೆಂದೇ ಶಟ್ ಕ್ಲಿನಿಕ್ ಇದೆ. ದೂರವಾದರೆ ಟೆಲಿ-ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು, ಉಚಿತ. ನಿಮ್ಮ ಯುಪಿಐ ಪಿನ್ ಬದಲಿಸಿ, ಬ್ಯಾಂಕ್ ಆ್ಯಪ್‌ನಲ್ಲಿ ದಿನದ ಮಿತಿ ಇಳಿಸಿ.

ಮಗಳು ಕಾಲೇಜಿನ ಇ-ಸ್ಪೋರ್ಟ್ಸ್ ಪಂದ್ಯಕ್ಕೆ 200 ರೂಪಾಯಿ ಪ್ರವೇಶ ಶುಲ್ಕ ಕಟ್ಟಿದ್ದಾಳೆ. ಇದೂ ಅಪರಾಧವೇ? — ಶಿವಮೊಗ್ಗ

ಅಲ್ಲ. ಸ್ಪರ್ಧೆಗೆ ಸೇರಲು ಅಥವಾ ಅದರ ಖರ್ಚಿಗೆಂದು ಶುಲ್ಕ ಪಡೆದು, ಆಟದ ಸಾಧನೆಗೆ ಬಹುಮಾನ ಕೊಡುವುದಕ್ಕೆ ಇ-ಸ್ಪೋರ್ಟ್ಸ್ ವ್ಯಾಖ್ಯೆಯಲ್ಲಿ ಜಾಗ ಇದೆ. ಆದರೆ ಆ ವ್ಯಾಖ್ಯೆ ಮಾನ್ಯತೆ, ನೋಂದಣಿಯನ್ನೂ ಕೇಳುತ್ತದೆ. ಆಯೋಜಕರು ಅದನ್ನು ಪಡೆದಿದ್ದಾರೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಿ. ಅವಳ ತಂಡ ಗೆಲ್ಲುತ್ತದೆ ಎಂದು ಹೊರಗಿನವರು ಆ್ಯಪ್‌ನಲ್ಲಿ ಹಣ ಕಟ್ಟುವುದು ಬೇರೆ ವಿಷಯ, ಅದಕ್ಕೆ ಅವಕಾಶವಿಲ್ಲ.